ಆಕ್ಲೆಂಡಿನಲ್ಲಿ ಅಜ್ಜಿಯನ್ನೂ ಕರೆದುಕೊಂಡು ಯಾವ ಜ್ವಾಲಾಮುಖಿ ಹತ್ತುವುದು?

ಪ್ರಶ್ನೆ: ನಾವು ವಿಜಯಪುರದವರು. ನ್ಯೂಜಿಲೆಂಡಿನ ಆಕ್ಲೆಂಡಿಗೆ ಬಂದು ಎಂಟು ತಿಂಗಳಾಯಿತು. ಡಿಸೆಂಬರ್ ಕೊನೆಗೆ ಊರಿನಿಂದ ಅವ್ವ ಬರುತ್ತಿದ್ದಾರೆ. 67 ವರ್ಷ. ಒಂದು ಮೊಣಕಾಲು ನೋವಿದೆ, ಆದರೆ ನಿಧಾನಕ್ಕೆ ನಡೆಯುತ್ತಾರೆ. ಮಕ್ಕಳಿಗೆ 9 ಮತ್ತು 5 ವರ್ಷ. ಎಲ್ಲರೂ ಸೇರಿ ಜ್ವಾಲಾಮುಖಿ ನೋಡಲೇಬೇಕು ಅಂತ ಮಗಳ ಹಟ. ಯಾರನ್ನು ಕೇಳಿದರೂ ರಂಗಿಟೋಟೊ ದ್ವೀಪದ ಜ್ವಾಲಾಮುಖಿ ಅನ್ನುತ್ತಾರೆ. ಅವ್ವನಿಗೆ ಆಗುತ್ತದಾ? ಕುಳಿಯ ಒಳಗೆ ಇಳಿಯಬಹುದಾ? ಇವು ಮತ್ತೆ ಸಿಡಿಯುವುದಿಲ್ಲ ತಾನೇ?

ಉತ್ತರ: ರಂಗಿಟೋಟೊ ಬೇಡ. ಕಡೇ ಪಕ್ಷ ಮೊದಲನೇ ಸಲಕ್ಕೆ ಬೇಡ.

ಇದನ್ನು ಕಲ್ಲು ಓದುವ ಕೆಲಸದವನಾಗಿ ಹೇಳುತ್ತಿಲ್ಲ, ಪೆಟ್ಟು ತಿಂದ ಅಪ್ಪನಾಗಿ ಹೇಳುತ್ತಿದ್ದೇನೆ. ಇಲ್ಲಿಗೆ ಬಂದ ಮೊದಲ ಬೇಸಿಗೆ. ಜನವರಿಯ ಒಂದು ಮಧ್ಯಾಹ್ನ, ನಾಲ್ಕು ಜನಕ್ಕೆ ಎರಡು ಲೀಟರ್ ನೀರು ಹಿಡಿದುಕೊಂಡು ದೋಣಿ ಹತ್ತಿಸಿದೆ. ದ್ವೀಪದಲ್ಲಿ ಅಂಗಡಿ ಇಲ್ಲ, ಕುಡಿಯುವ ನೀರೂ ಇಲ್ಲ ಅಂತ ಓದಿದ್ದೆ. ಓದಿದ್ದೆ ಅಷ್ಟೇ. ಕರೀ ಲಾವಾ ಕಲ್ಲಿನ ಮಧ್ಯೆ ದಾರಿ. ಮೇಲಿಂದಲೂ ಬಿಸಿಲು, ಕೆಳಗಿನ ಕಲ್ಲಿಂದಲೂ ಕಾವು. ಅರ್ಧ ದಾರಿಗೆ ನೀರು ಖಾಲಿ. ಐದು ವರ್ಷದ ಮಗ ದಾರಿಯಲ್ಲೇ ಕೂತುಬಿಟ್ಟ. ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ತುದಿ ಮುಟ್ಟಿದ್ದೇನೋ ಮುಟ್ಟಿದೆವು. ಆದರೆ ಕಡೇ ದೋಣಿ ತಪ್ಪಿಸಿಕೊಳ್ಳಬಾರದಲ್ಲ! ಕುಳಿಯನ್ನು ಎರಡು ನಿಮಿಷ ಇಣುಕಿ ನೋಡಿ ಓಡೋಡಿ ಇಳಿದೆವು. ಜ್ವಾಲಾಮುಖಿ ಹೇಗಿತ್ತು ಅಂತ ಆಮೇಲೆ ಯಾರೋ ಕೇಳಿದರೆ ಮಗ ಹೇಳಿದ್ದು ಒಂದೇ ಮಾತು: "ಬಾಯಾರಿಕೆ."

ಹಾಗಾಗಿ ನನ್ನ ಸಲಹೆ ಇಷ್ಟೇ. ದೊಡ್ಡದನ್ನು ಹತ್ತಿ ಸುಸ್ತಾಗುವ ಬದಲು, ಸಣ್ಣದೊಂದನ್ನು ಆರಿಸಿಕೊಂಡು ಅದರ ಸುತ್ತ ನಿಧಾನಕ್ಕೆ ಓಡಾಡಿ. ಆಕ್ಲೆಂಡಿನಲ್ಲಿ ಇದು ಸುಲಭ. ಈ ಊರು ಕೂತಿರುವುದೇ ಸುಮಾರು 53 ಜ್ವಾಲಾಮುಖಿಗಳ ಮೇಲೆ. ನಿಮ್ಮ ಮನೆ ಎಲ್ಲೇ ಇರಲಿ, ಒಂದಾದರೂ ಹತ್ತಿರದಲ್ಲಿ ಇದ್ದೇ ಇರುತ್ತದೆ. ಬಹುಶಃ ದಿನಾ ಅದರ ಪಕ್ಕದಲ್ಲೇ ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತಿರುತ್ತೀರಿ, ಗುಡ್ಡ ಅಂದುಕೊಂಡು.

ನಿಮ್ಮ ಅವ್ವನವರಿಗೆ, ಮಕ್ಕಳಿಗೆ, ಎಲ್ಲರಿಗೂ ಒಪ್ಪುವುದು ಮೌಂಗಾಫೌ. ಇಂಗ್ಲಿಷಿನಲ್ಲಿ ಮೌಂಟ್ ಈಡನ್ ಅನ್ನುತ್ತಾರೆ. ಸಮುದ್ರ ಮಟ್ಟದಿಂದ 196 ಮೀಟರ್ ಎತ್ತರ. ಆದರೆ ನೀವು ಅಷ್ಟನ್ನೂ ಹತ್ತಬೇಕಿಲ್ಲ, ಕೆಳಗಿನ ರಸ್ತೆಯೇ ಸಾಕಷ್ಟು ಎತ್ತರದಲ್ಲಿದೆ. ಮೇಲಿನ ತನಕ ಡಾಂಬರು ರಸ್ತೆ ಇದೆ. 2016ರ ಜನವರಿಯಿಂದ ಆ ರಸ್ತೆಯಲ್ಲಿ ಕಾರು ಬಿಡುತ್ತಿಲ್ಲ. ಮೊದಲು ಸಾಲು ಸಾಲು ಪ್ರವಾಸಿ ಬಸ್ಸುಗಳು ತುದಿಯವರೆಗೆ ಹೋಗುತ್ತಿದ್ದವು. ಈಗ ಆ ರಸ್ತೆ ಪೂರ್ತಿ ನಡೆಯುವವರದ್ದು. ಮಗು ಓಡಿದರೆ ಗಾಬರಿ ಇಲ್ಲ, ತಳ್ಳುಗಾಡಿಯೂ ಹೋಗುತ್ತದೆ. ದೊಡ್ಡವರಿಗೆ ಅರ್ಧ ಗಂಟೆಯ ದಾರಿ. ಅಜ್ಜಿ ಮತ್ತು ಐದು ವರ್ಷದವರು ಜೊತೆಗಿದ್ದರೆ ಒಂದು ಗಂಟೆ ಇಟ್ಟುಕೊಳ್ಳಿ.

ಅವತ್ತು ಮೊಣಕಾಲು ಜಾಸ್ತಿ ನೋಯುತ್ತಿದ್ದರೂ ಅವ್ವನವರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ನಡೆಯಲು ಕಷ್ಟ ಇರುವವರನ್ನು ಕಾರಿನಲ್ಲಿ ಕರೆದೊಯ್ಯಲು ಗೇಟಿನ ಕೋಡ್ ಕೊಡುವ ವ್ಯವಸ್ಥೆ ಇದೆ. ಮುಂಚಿತವಾಗಿ ಆಕ್ಲೆಂಡ್ ಕೌನ್ಸಿಲ್‌ಗೆ ಫೋನ್ ಮಾಡಿ ಕೇಳಬೇಕು. ಇದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಗೇಟು ನೋಡಿ ವಾಪಸ್ ಹೋಗುತ್ತಾರೆ.

ಮೇಲೆ ಹೋದ ತಕ್ಷಣ ಎಲ್ಲರ ಕಣ್ಣೂ ಊರಿನ ಕಡೆ ಹೋಗುತ್ತದೆ. ಸ್ಕೈ ಟವರ್, ಎರಡು ಬದಿಯಲ್ಲಿ ಎರಡು ಕೊಲ್ಲಿ, ದೂರದಲ್ಲಿ ರಂಗಿಟೋಟೊ. ಫೋಟೊ ತೆಗೆದುಕೊಳ್ಳಿ, ಆಯಿತಲ್ಲ? ಈಗ ಊರಿಗೆ ಬೆನ್ನು ಹಾಕಿ ನಿಂತು ಕೆಳಗೆ ನೋಡಿ. ಕಾಲ ಬುಡದಲ್ಲೇ 50 ಮೀಟರ್ ಆಳದ ಬಟ್ಟಲು. ಬದಿಯೆಲ್ಲ ಹಸಿರು ಹುಲ್ಲು, ತಳದಲ್ಲಿ ಒಂದಷ್ಟು ಕಲ್ಲು. ಯಾರೋ ದೊಡ್ಡ ಸೌಟಿನಿಂದ ಒಂದೇ ಏಟಿಗೆ ಬಗೆದು ತೆಗೆದ ಹಾಗೆ. ಇಲ್ಲಿಯ ಮೂಲನಿವಾಸಿಗಳಾದ ಮಾವೋರಿ ಜನ ಇದಕ್ಕೆ ಇಟ್ಟಿರುವ ಹೆಸರು ತೆ ಇಪು ಅ ಮತಾಹೊ. ಅಂದರೆ ಮತಾಹೊನ ಬಟ್ಟಲು.

ಒಳಗೆ ಇಳಿಯಬಹುದಾ ಅಂತ ಕೇಳಿದ್ದೀರಿ. ಇಳಿಯಬಾರದು. ಅಲ್ಲೇ ಬೋರ್ಡು ಇದೆ. ಒಂದು ಕಾರಣ, ಬದಿಯ ಮಣ್ಣು ಸಡಿಲ. ಜನ ಇಳಿದು ಹತ್ತಿದಷ್ಟೂ ಕುಸಿಯುತ್ತದೆ. ಇನ್ನೊಂದು, ಮಾವೋರಿಗಳಿಗೆ ಅದು ಪವಿತ್ರ ಜಾಗ. ಯಾರೋ ಇಳಿದಿದ್ದಾರಲ್ಲ ಅಂತ ಮಕ್ಕಳು ತೋರಿಸಬಹುದು. ಅವರು ಇಳಿದರೆ ಇಳಿಯಲಿ. ನಿಜ ಹೇಳಬೇಕೆಂದರೆ, ಒಳಗೆ ಇಳಿದವರಿಗೆ ಕುಳಿ ಕಾಣುವುದೇ ಇಲ್ಲ, ಬರೀ ಹುಲ್ಲು ಕಾಣುತ್ತದೆ. ಬಟ್ಟಲು ಬಟ್ಟಲಾಗಿ ಕಾಣಬೇಕಾದರೆ ಅಂಚಿನ ಮೇಲೆಯೇ ನಡೆಯಬೇಕು.

ಆ ಮತಾಹೊ ಯಾರು ಅಂತ ನಿಮ್ಮ ಮಗಳು ಕೇಳೇ ಕೇಳುತ್ತಾಳೆ. ಅವನು ಜ್ವಾಲಾಮುಖಿಗಳ ದೇವರು. ಒಂದು ಕಥೆಯ ಪ್ರಕಾರ ಹೆಂಡತಿ ಮುನಿಸಿಕೊಂಡು ಮನೆ ಬಿಟ್ಟು ಹೋದಳು. ಹೋಗುವಾಗ ಇವನ ಬಟ್ಟೆಯನ್ನೆಲ್ಲ ಹೊತ್ತುಕೊಂಡೇ ಹೋದಳು. ಪಾಪ, ಚಳಿಯಲ್ಲಿ ನಡುಗುತ್ತಾ ಕೂತ. ಬೆಂಕಿಯ ದೇವತೆ ಮಹುಯಿಕಾ ಕರಗಿ, ಅವನನ್ನು ಬೆಚ್ಚಗಿಡಲು ನೆಲದೊಳಗಿಂದ ಬೆಂಕಿ ಎಬ್ಬಿಸಿದಳು. ಅದೇ ಈ ಬೆಟ್ಟಗಳು. ನಾನು ವಿಜ್ಞಾನದ ಪಾಠ ಶುರು ಮಾಡುವುದೂ ಈ ಕಥೆಯಿಂದಲೇ. ಬಟ್ಟೆ ಹೊತ್ತುಕೊಂಡು ಹೋದ ಭಾಗ ಬಂದಾಗ ಮಕ್ಕಳು ಬಿದ್ದು ಬಿದ್ದು ನಗುತ್ತವೆ. ಆಮೇಲೆ ಎಂಥ ಒಣ ಪಾಠ ಹೇಳಿದರೂ ಕೇಳುತ್ತವೆ.

ಈಗ ಪಾಠ. ದಾರಿ ಬದಿಯಲ್ಲಿ ಉದುರಿದ ಒಂದು ಕೆಂಪು ಕಲ್ಲನ್ನು ಮಕ್ಕಳ ಕೈಯಲ್ಲಿ ಎತ್ತಿಸಿ. ಗಾತ್ರ ನೋಡಿದರೆ ಭಾರ ಇರಬೇಕು ಅನಿಸುತ್ತದೆ, ಆದರೆ ಹಗುರ. ಮೈತುಂಬ ತೂತು. ನಮ್ಮ ಮನೆಯಲ್ಲಿ ಇದಕ್ಕೆ ಸೆಟ್ ದೋಸೆ ಕಲ್ಲು ಅಂತಲೇ ಹೆಸರು. ಹೋಲಿಕೆ ಸುಮ್ನೆ ಬಂದದ್ದಲ್ಲ. ಹುದುಗಿದ ಹಿಟ್ಟು ಹೆಂಚಿಗೆ ಬಿದ್ದಾಗ ಒಳಗಿನ ಗಾಳಿ ಗುಳ್ಳೆಯಾಗಿ ಹೊರಗೆ ಬಂದು ತೂತು ಬಿಡುತ್ತದಲ್ವಾ? ಲಾವಾದ ಒಳಗೂ ಅನಿಲ ಕರಗಿರುತ್ತದೆ. ಮೇಲೆ ಬಂದಂತೆ ಒತ್ತಡ ಕಮ್ಮಿಯಾಗಿ, ಅಲ್ಲಾಡಿಸಿದ ಸೋಡಾ ಬಾಟಲಿಯ ಹಾಗೆ ಬುಸ್ಸೆಂದು ಚಿಮ್ಮುತ್ತದೆ. ಚಿಮ್ಮಿದ ಹನಿಗಳು ಗಾಳಿಯಲ್ಲೇ ಗಟ್ಟಿಯಾಗಿ, ಗುಳ್ಳೆಗಳ ಜಾಗದಲ್ಲಿ ತೂತು ಉಳಿಸಿಕೊಂಡು ಕೆಳಗೆ ಬೀಳುತ್ತವೆ. ಇದೇ ಸ್ಕೋರಿಯಾ. ಬಾಯಿಯ ಸುತ್ತ ಬಿದ್ದೂ ಬಿದ್ದೂ ರಾಶಿಯಾದದ್ದೇ ಬೆಟ್ಟ, ಚಿಮ್ಮಿದ ಬಾಯಿಯೇ ಬಟ್ಟಲು. ಕೆಂಪು ಯಾಕೆ ಅಂದರೆ, ಬಿಸಿ ಇರುವಾಗಲೇ ಗಾಳಿ, ಹಬೆ ತಾಗಿ ಕಲ್ಲಿನೊಳಗಿನ ಕಬ್ಬಿಣ ತುಕ್ಕು ಹಿಡಿದಿದೆ. ಬೇಗ ತಣಿದ ಕಲ್ಲು ಕಪ್ಪಗೇ ಉಳಿದಿದೆ. ಎರಡನ್ನೂ ಅಕ್ಕಪಕ್ಕ ಹುಡುಕಿಸಿ. ನೋಡಿ ಆದ ಮೇಲೆ ಇದ್ದ ಜಾಗಕ್ಕೇ ಇಡಿಸಿ. ಜೇಬಿಗೆ ಹಾಕಿಕೊಳ್ಳುವಂತಿಲ್ಲ.

ಇದೆಲ್ಲ ನಡೆದು ಸುಮಾರು 28 ಸಾವಿರ ವರ್ಷ ಆಗಿದೆ. ಚಿಮ್ಮುವುದು ನಿಂತ ಮೇಲೆ ದಪ್ಪ ಲಾವಾ ಬುಡದಿಂದ ಹರಿದು ಸುತ್ತ ಹರಡಿತು. ಮೌಂಟ್ ಈಡನ್ ಬೀದಿಗಳಲ್ಲಿ ಮನೆಗಳ ಮುಂದೆ ಕರಿಕಲ್ಲಿನ ಗಿಡ್ಡ ಗೋಡೆಗಳಿವೆಯಲ್ಲ, ಅವು ಆ ಲಾವಾವೇ. ಅದರ ಹೆಸರು ಬಸಾಲ್ಟ್. ಈ ಕಲ್ಲನ್ನು ಕಂಡರೆ ನಿಮ್ಮ ಅವ್ವನವರು ಗುರುತು ಹಿಡಿಯುತ್ತಾರೆ ನೋಡಿ. ಗೋಲಗುಮ್ಮಟ ಕಟ್ಟಿದ್ದು ಇದೇ ಜಾತಿಯ ಕಲ್ಲಿನಿಂದ. ನಿಮ್ಮೂರಿನ ಎರೆ ಭೂಮಿಯೂ ಬಸಾಲ್ಟ್ ಸವೆದು ಆದದ್ದೇ. ನೀವು ಜ್ವಾಲಾಮುಖಿಯ ಸೀಮೆಯಿಂದ ಇನ್ನೊಂದು ಜ್ವಾಲಾಮುಖಿಯ ಸೀಮೆಗೆ ಬಂದಿದ್ದೀರಿ! ಆದರೆ ವಿಜಯಪುರದ ಸುತ್ತ ಇಂಥ ಬಟ್ಟಲು ಹುಡುಕಬೇಡಿ, ಸಿಗುವುದಿಲ್ಲ. ಅಲ್ಲಿ ಸುಮಾರು 6 ಕೋಟಿ 60 ಲಕ್ಷ ವರ್ಷದ ಹಿಂದೆ ನೆಲದ ಉದ್ದುದ್ದ ಬಿರುಕುಗಳಿಂದ ಲಾವಾ ಉಕ್ಕಿ ಪದರ ಪದರವಾಗಿ ಹರಡಿತು. ಗೋಪುರದಂಥ ಬೆಟ್ಟ ಕಟ್ಟಲಿಲ್ಲ. (ಮಹಾರಾಷ್ಟ್ರದ ಲೋಣಾರ್ ಕೆರೆ ಜ್ವಾಲಾಮುಖಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು ಉಲ್ಕೆ ಬಿದ್ದು ಆದ ಗುಂಡಿ.)

ಮೌಂಗಾಫೌನಲ್ಲಿ ನನಗೆ ಕುಳಿಗಿಂತಲೂ ಇಷ್ಟವಾಗುವುದು ಇನ್ನೊಂದಿದೆ. ಈಚಿನ ವರ್ಷಗಳಲ್ಲಿ ತುದಿಯ ಸುತ್ತ ಮರದ ಹಲಗೆಯ ದಾರಿ ಮಾಡಿದ್ದಾರೆ. ಅದರ ಮೇಲೆ ನಿಂತು ಇಳಿಜಾರನ್ನು ನೋಡಿ. ಮೆಟ್ಟಿಲು ಮೆಟ್ಟಿಲಾಗಿ ನೆಲ ಕಡಿದಿರುವುದು ಕಾಣುತ್ತದೆ. ಅಲ್ಲಲ್ಲಿ ಚೌಕಾಕಾರದ ಆಳವಿಲ್ಲದ ತಗ್ಗುಗಳು. "ಅಪ್ಪಾ, ಇಲ್ಲಿ ಮರಿ ಜ್ವಾಲಾಮುಖಿ!" ಅಂತ ಮಕ್ಕಳು ಕೂಗುತ್ತವೆ. ಅಲ್ಲ. ಅವು ಗೆಣಸು ಇಡುವ ಗುಂಡಿಗಳು. ಮಾವೋರಿಗಳು ಈ ಬೆಟ್ಟದ ಮೇಲೆ ಊರು ಕಟ್ಟಿ, ಬೇಲಿ ಹಾಕಿಕೊಂಡು ಬಾಳಿದ್ದರು. ಸುತ್ತಲಿನ ಬೆಚ್ಚನೆಯ, ನೀರು ನಿಲ್ಲದ ಮಣ್ಣಿನಲ್ಲಿ ಕೂಮರಾ, ಅಂದರೆ ಗೆಣಸು ಬೆಳೆದು, ಚಳಿಗಾಲಕ್ಕೆ ಅಂತ ಇಂಥ ಗುಂಡಿಗಳಲ್ಲಿಟ್ಟು ಮೇಲೆ ಮಾಡು ಹೊದಿಸುತ್ತಿದ್ದರು. ನಮ್ಮ ಕಡೆ ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದರಲ್ಲ, ಹಾಗೆಯೇ. ನನ್ನ ಅತ್ತೆ ಬಂದಾಗ ಇದನ್ನು ತೋರಿಸಿದೆ. ಅಲ್ಲಿಯ ತನಕ ಸುಮ್ಮನೆ ಬಂದಿದ್ದವರು ಹಗೇವಿನ ಹೆಸರು ಕೇಳಿದ್ದೇ ತಡ, ಬಾಯಿ ತೆರೆದಾಗ ಮೂಗಿಗೆ ಬಡಿಯುವ ಕಾವು, ದೀಪ ಇಳಿಬಿಟ್ಟು ಗಾಳಿ ಇದೆಯಾ ನೋಡಿ ಆಮೇಲೆ ಆಳನ್ನು ಇಳಿಸುವುದು, ಎಲ್ಲವನ್ನೂ ಮೊಮ್ಮಗಳಿಗೆ ಹೇಳಲು ಶುರು ಮಾಡಿದರು. ನನಗೆ ಪಾಠ ಹೇಳಲು ಅವಕಾಶವೇ ಸಿಗಲಿಲ್ಲ.

ಹಲಗೆ ಬಿಟ್ಟು ಕೆಳಗೆ ಕಾಲಿಡಬೇಡಿ ಅನ್ನುವುದು ಈ ಗುಂಡಿಗಳಿಗಾಗಿಯೇ. 2014ರಲ್ಲಿ ಕಾನೂನು ಮಾಡಿ ಇಂಥ 14 ಬೆಟ್ಟಗಳ ಒಡೆತನವನ್ನು ಇಲ್ಲಿನ ಮಾವೋರಿ ಬುಡಕಟ್ಟುಗಳಿಗೆ ಮರಳಿ ಕೊಟ್ಟರು. ಅವರಿಗೆ ಇವು ಬರೀ ಬೆಟ್ಟಗಳಲ್ಲ, ಹಿರೀಕರು. ತುದಿಯನ್ನು ತಿಹಿ ಅನ್ನುತ್ತಾರೆ, ಹಿರಿಯರ ತಲೆ ಇದ್ದ ಹಾಗೆ. ಮಾವೋರಿ ನಡವಳಿಕೆಯಲ್ಲಿ ತಲೆ ಪವಿತ್ರ, ಊಟವನ್ನು ಅದರ ಹತ್ತಿರ ತರುವುದಿಲ್ಲ. ಅದಕ್ಕೇ ನಾವು ತುದಿಯಲ್ಲಿ ಡಬ್ಬಿ ಬಿಚ್ಚುವುದಿಲ್ಲ. ಚಿತ್ರಾನ್ನ ಕೆಳಗೆ ಬಂದು ಮರದ ನೆರಳಲ್ಲಿ. ಗುಡಿಯ ಹೊಸ್ತಿಲಲ್ಲಿ ಚಪ್ಪಲಿ ಬಿಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾ?

ಮೌಂಗಾಫೌ ಒಂದೇ ಸಾಕು ಅನ್ನುತ್ತೇನೆ. ಆದರೆ ರಜೆ ಉದ್ದ ಇದ್ದರೆ ಇನ್ನೂ ಕೆಲವು ಹೇಳುತ್ತೇನೆ. ಮೌಂಗಾಕಿಯೆಕಿಯೆ, ಅಂದರೆ ಒನ್ ಟ್ರೀ ಹಿಲ್, 182 ಮೀಟರ್. ಕೆಳಗಿನ ಕಾರ್ನ್‌ವಾಲ್ ಪಾರ್ಕಿನಲ್ಲಿ ಊರ ನಡುವೆಯೇ ಕುರಿ, ದನ ಮೇಯುತ್ತವೆ. ಐದು ವರ್ಷದವರಿಗೆ ಲಾವಾಗಿಂತ ಕುರಿ ಜಾಸ್ತಿ ಇಷ್ಟ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿ ಕುಳಿಗಳು ಮೂರು. ಅವುಗಳಲ್ಲಿ ಎರಡರ ಒಂದೊಂದು ಬದಿಯನ್ನು ಲಾವಾ ಒಡೆದುಕೊಂಡು ಹರಿದುಹೋಗಿದೆ. ಅಂಚು ಮುರಿದ ಬಟ್ಟಲು ಹೇಗಿರುತ್ತದೆ ಅಂತ ನೋಡಲು ಒಳ್ಳೆಯ ಜಾಗ. ಹೆಸರಿಗೆ ಒಂದು ಮರ, ತುದಿಯಲ್ಲಿ ಈಗ ಕಾಣುವುದು ಕಲ್ಲಿನ ಎತ್ತರದ ಕಂಬ. ಅಲ್ಲಿದ್ದ ಪೈನ್ ಮರಕ್ಕೆ 1994ರಲ್ಲಿ ಯಂತ್ರದ ಗರಗಸದ ಏಟು ಬಿತ್ತು, 2000ರಲ್ಲಿ ತೆಗೆದೇಬಿಟ್ಟರು. 2016ರಲ್ಲಿ ಹೊಸ ಸಸಿಗಳನ್ನು ನೆಟ್ಟಿದ್ದಾರೆ.

ವಿಮಾನ ನಿಲ್ದಾಣದ ಕಡೆ ಹೋಗುವಾಗ ಮಾಂಗೆರೆ ಬೆಟ್ಟ ಸಿಗುತ್ತದೆ. ಹೆಸರು ಕೇಳಿದರೆ ನಮ್ಮ ಕಡೆಯ ಯಾವುದೋ ಕೆರೆಯ ಊರು ಅನಿಸುತ್ತದೆ, ಅಲ್ವಾ? 106 ಮೀಟರ್, ಜನ ಕಮ್ಮಿ, ಕುಳಿ ದೊಡ್ಡದು. ಆ ಕುಳಿಯ ಒಳಗೆ ಒಂದು ಪುಟ್ಟ ಗುಡ್ಡ ಇದೆ. ಕಡೇ ಗಳಿಗೆಯಲ್ಲಿ ಮೇಲೆ ಬಂದ ದಪ್ಪ ಲಾವಾ ಹರಿಯಲಾರದೆ ಅಲ್ಲೇ ಉಬ್ಬಿ ನಿಂತದ್ದು. ಆಕ್ಲೆಂಡಿನಲ್ಲಿ ಇದು ಅಪರೂಪ.

ಮೊಣಕಾಲು ಬೇಡವೇ ಬೇಡ ಅಂದ ದಿನಕ್ಕೆ ಟಕಪುನಾ. ಅಲ್ಲಿ ಹತ್ತುವುದೇನೂ ಇಲ್ಲ. ಪುಪುಕೆ ಅನ್ನುವ ಸಿಹಿನೀರಿನ ಕೆರೆ ಇದೆಯಲ್ಲ, ಅದೂ ಜ್ವಾಲಾಮುಖಿಯ ಬಾಯಿಯೇ. ಇಲ್ಲಿರುವುದರಲ್ಲೆಲ್ಲ ಹಳೆಯವುಗಳಲ್ಲಿ ಒಂದು, ಎರಡು ಲಕ್ಷ ವರ್ಷದ ಆಸುಪಾಸು. ಬಿಸಿ ಶಿಲಾರಸ ನೆಲದೊಳಗಿನ ನೀರಿಗೆ ತಾಗಿ ಸ್ಫೋಟವಾದರೆ ಬೆಟ್ಟ ಕಟ್ಟುವುದಿಲ್ಲ, ಅಗಲವಾದ ಗುಂಡಿ ಬೀಳುತ್ತದೆ. ಆಮೇಲೆ ನೀರು ತುಂಬಿಕೊಳ್ಳುತ್ತದೆ. ಅದರ ಲಾವಾ ಸಮುದ್ರದ ಕಡೆ ಹರಿದು ದಾರಿಯಲ್ಲಿದ್ದ ಕಾಡನ್ನು ಮುಳುಗಿಸಿತು. ಮರ ಸುಟ್ಟುಹೋಯಿತು, ಕಾಂಡದ ಸುತ್ತ ತಣಿದ ಕಲ್ಲು ಅಚ್ಚಿನ ಹಾಗೆ ಉಳಿಯಿತು. ಸಮುದ್ರದ ಅಂಚಿನಲ್ಲಿ ಆ ದುಂಡು ದುಂಡು ಅಚ್ಚುಗಳು ಇವತ್ತಿಗೂ ಇವೆ. ನೀರು ಇಳಿದಿರುವ ಹೊತ್ತು ನೋಡಿಕೊಂಡು ಹೋಗಿ. ಕೆಲವು ಅಚ್ಚುಗಳ ಒಳಗೆ ನಿಮ್ಮ ಐದು ವರ್ಷದವರು ಕೂರಬಹುದು. ಕಲ್ಲು ಜಾರುತ್ತದೆ, ಕೈ ಹಿಡಿದಿರಿ.

ಇಷ್ಟಾದ ಮೇಲೂ ಮಗಳ ಹಟ ರಂಗಿಟೋಟೊ ಆದರೆ, ಹೋಗುವ ರೀತಿ ಹೇಳುತ್ತೇನೆ. ಬೆಳಗಿನ ಮೊದಲ ದೋಣಿ ಹಿಡಿಯಿರಿ, ಊರಿನ ದಕ್ಕೆಯಿಂದ ಸುಮಾರು 25 ನಿಮಿಷ. ತುದಿ 259 ಮೀಟರ್, ಒಂದು ಕಡೆಗೇ ದೊಡ್ಡವರಿಗೆ ಒಂದು ಗಂಟೆ. ಏರು ಒಂದೇ ಸಮ ಇದೆ, ಆದರೆ ದಾರಿಯಲ್ಲಿ ಸಡಿಲ ಸ್ಕೋರಿಯಾ ಜಲ್ಲಿ. ಕೊನೆಗೆ ಮರದ ಮೆಟ್ಟಿಲು. ಹತ್ತುವಾಗ ಏನೂ ಅನ್ನಿಸದ ಮೊಣಕಾಲು ಇಳಿಯುವಾಗ ಮಾತಾಡುತ್ತದೆ. ಅವ್ವನವರು ಪೂರ್ತಿ ಹತ್ತುವುದು ಬೇಡ. ದಕ್ಕೆಯ ಹತ್ತಿರವೇ ನೆರಳಿದೆ, ನಿಮ್ಮಲ್ಲೊಬ್ಬರು ಅವರ ಜೊತೆ ಇರಿ. ತಲೆಗೆ ಒಂದೂವರೆ ಲೀಟರ್ ನೀರು, ಲಾವಾ ಗುಹೆ ನೋಡುವುದಾದರೆ ಒಂದು ಟಾರ್ಚು. ದ್ವೀಪವನ್ನು ಇಲಿ, ಹೆಗ್ಗಣಗಳಿಂದ ಬಿಡಿಸಿ ಇಟ್ಟಿದ್ದಾರೆ. ದೋಣಿ ಹತ್ತುವ ಮುಂಚೆ ಬೂಟಿನ ಮಣ್ಣು ಒರೆಸಿ, ಚೀಲದಲ್ಲಿ ಇರುವೆ ಇದೆಯಾ ನೋಡಿ. ಕಸ ವಾಪಸ್ ತರಬೇಕು.

ಡಿಸೆಂಬರ್ ಕೊನೆಗೆ ಹೋದರೆ ಒಂದು ಲಾಭ ಇದೆ. ಪೊಹುಟುಕಾವಾ ಮರಗಳು ಕೆಂಪಗೆ ಹೂಬಿಟ್ಟಿರುತ್ತವೆ. ಇದು ನಮ್ಮ ನೇರಳೆ, ಪೇರಲದ ಕುಟುಂಬದ ಮರ. ಮಣ್ಣೇ ಇಲ್ಲದ ಲಾವಾದ ಬಿರುಕಿನಲ್ಲಿ ಬೀಜ ಬಿದ್ದು ಹುಟ್ಟುತ್ತದೆ. ಅದರ ನೆರಳು, ಉದುರಿದ ಎಲೆ ನಂಬಿ ಮಿಕ್ಕ ಗಿಡಗಳು ಬರುತ್ತವೆ. ಕರೀ ಕಲ್ಲಿನ ನಡುವೆ ಹೀಗೆ ಅಲ್ಲೊಂದು ಇಲ್ಲೊಂದು ಹಸಿರು ಗುಂಪು ಕಾಣುತ್ತದೆ. ಅದನ್ನು ನೋಡಿದ ಮೇಲೆ ನನಗೆ ತುದಿ ಮುಟ್ಟುವ ಚಪಲವೇ ಹೋಯಿತು.

ಬಿಸಿಲಿನ ಮಾತು. 22–23 ಡಿಗ್ರಿ ಅಂತ ನೋಡಿ "ಇದೇನು ಬಿಸಿಲು, ವಿಜಯಪುರ ನೋಡಿದವರಿಗೆ" ಅನ್ನುತ್ತೀರಿ. ನಾನೂ ಅಂದಿದ್ದೆ. ಇಲ್ಲಿ ಸುಡುವುದು ಕಾವಲ್ಲ, ನೇರಳಾತೀತ ಕಿರಣ. ಬೇಸಿಗೆಯ ಮಧ್ಯಾಹ್ನ ಅದರ ಸೂಚ್ಯಂಕ 11 ದಾಟುವುದು ಮಾಮೂಲು. ನಮ್ಮ ಬಣ್ಣಕ್ಕೂ ಸನ್‌ಸ್ಕ್ರೀನ್ ಬೇಕು, ಅಂಚಗಲದ ಟೋಪಿ ಬೇಕು. ಜೊತೆಗೆ ಒಂದು ಗಾಳಿ ತಡೆಯುವ ಜಾಕೆಟ್. ಬೆಟ್ಟದ ಮೇಲೆ ಗಾಳಿ ಸೀರೆಯ ಸೆರಗು ನಿಲ್ಲಲು ಬಿಡುವುದಿಲ್ಲ. ಅವ್ವನವರಿಗೆ ಚಪ್ಪಲಿ ಬೇಡ, ಹಿಡಿತ ಇರುವ ಶೂ ಹಾಕಿಸಿ. ಬೇಡ ಅನ್ನುತ್ತಾರೆ. ಆದರೂ ಹಾಕಿಸಿ.

ಕೊನೆಗೆ ನಿಮ್ಮ ಮೂರನೇ ಪ್ರಶ್ನೆ. ಇಲ್ಲಿನ ಜ್ವಾಲಾಮುಖಿಗಳು ಪಟಾಕಿ ಇದ್ದ ಹಾಗೆ. ಸಾಮಾನ್ಯವಾಗಿ ಒಂದು ಬಾಯಿ ಒಂದೇ ಸಲ ಸಿಡಿಯುತ್ತದೆ, ಮುಂದಿನದು ಬೇರೆ ಜಾಗದಲ್ಲಿ. ಹಾಗಾಗಿ ಮೌಂಗಾಫೌನ ಬಟ್ಟಲು ಮತ್ತೆ ಉರಿಯುವ ಸಾಧ್ಯತೆ ತೀರಾ ಕಮ್ಮಿ. ಆದರೆ ಪಟಾಕಿಯ ಡಬ್ಬಿ ಖಾಲಿಯಾಗಿಲ್ಲ. ರಂಗಿಟೋಟೊ ಸಮುದ್ರದಿಂದ ಎದ್ದದ್ದು ಸುಮಾರು 600 ವರ್ಷದ ಹಿಂದೆ, ಹಂಪಿಯಲ್ಲಿ ವಿಜಯನಗರದವರು ಆಳುತ್ತಿದ್ದಾಗ. ಪಕ್ಕದ ಮೊಟುಟಾಪು ದ್ವೀಪದಲ್ಲಿ ಆಗಲೇ ಮಾವೋರಿಗಳಿದ್ದರು. ಅಲ್ಲಿ ಬೂದಿಯ ಪದರದಲ್ಲಿ ಮನುಷ್ಯರ ಹೆಜ್ಜೆ ಗುರುತು ಸಿಕ್ಕಿವೆ, ಜೊತೆಯಲ್ಲಿ ನಾಯಿಯದ್ದೂ. ಮುಂದಿನದು ಎಲ್ಲಿ, ಯಾವಾಗ ಅಂತ ಯಾರೂ ಹೇಳಲಾರರು. ಶಿಲಾರಸ ಮೇಲೆ ಬರುವಾಗ ನೆಲ ಸಣ್ಣಗೆ ನಡುಗುತ್ತದೆ. ಅದನ್ನು ಹಿಡಿಯಲು ಜಿಯೋನೆಟ್ ಸಂಸ್ಥೆಯ ಉಪಕರಣಗಳು ಹಗಲು ರಾತ್ರಿ ಕಿವಿಗೊಟ್ಟು ಕೂತಿವೆ. ಭಾನುವಾರದ ನಡಿಗೆಗೆ ಅದರಿಂದ ಏನೂ ಅಡ್ಡಿಯಿಲ್ಲ. ನಿಮ್ಮ ಮಗಳಿಗೆ ಮಾತ್ರ ಆ ನಾಯಿಯ ಹೆಜ್ಜೆಯ ವಿಷಯ ಮೊದಲೇ ಹೇಳಬೇಡಿ. ಮೌಂಗಾಫೌನ ಮೇಲೆ ನಿಂತು, ದೂರದಲ್ಲಿ ರಂಗಿಟೋಟೊ ತೋರಿಸುವಾಗ ಹೇಳಿ.